ಅಕ್ಷರದ ಕಲ್ಲು

ಕಾಲುವೆಯ ದಂಡೆಯಲ್ಲಿ, ನಾನೇ ಹೊಲಿದ ಕೌದಿಯನ್ನು ಒಗೆಯುತ್ತಿದ್ದೆ. ಕಾಲುವೆ ತೋಡುವಾಗ ಸಿಕ್ಕ, ಯಾರೂ ಓದಲಾಗದ ಅಕ್ಷರಗಳ ಕಲ್ಲೇ ನಮಗೆ ಒಗೆಯುವ ಕಲ್ಲು. ಅವತ್ತು ಸುಡುಬಿಸಿಲಲ್ಲೂ ಅದು ಕೈ ಮರಗಟ್ಟುವಷ್ಟು ತಣ್ಣಗಿತ್ತು. ನಾನು ಬಡಿಯುವುದನ್ನು ನಿಲ್ಲಿಸಿದರೂ ಬಡಿತದ ಸದ್ದು ನಿಲ್ಲಲಿಲ್ಲ. ಕಲ್ಲಿನೊಳಗಿಂದ ಒಬ್ಬ ಹೆಂಗಸು ತಿಳಿಯದ ಭಾಷೆಯಲ್ಲಿ ಏನೋ ಕೇಳಿದಳು.

ಪಕ್ಕದಲ್ಲೇ ಆಡುತ್ತಿದ್ದ, ನಾಲ್ಕು ವರ್ಷ ತುಂಬಿದರೂ ತುಟಿ ಬಿಚ್ಚದ ನನ್ನ ಮಗಳು ಗೌತಮಿ, ಕಲ್ಲಿಗೆ ಕಿವಿಯಿಟ್ಟು ಅದೇ ಭಾಷೆಯಲ್ಲಿ ಉತ್ತರ ಕೊಟ್ಟು ನಕ್ಕಳು.

ಮನೆಯಲ್ಲಿ ಹೇಳಿದೆ. ಶಾಲಾ ಮಾಸ್ತರನಾದ ಮೈದುನ ಅಂಬ್ರಪ್ಪ ಸಿಡುಕಿದ.

"ಸಂಸ್ಕೃತ ಪೂಜಾಕ್ಕ ಉಳೀತು, ಪಾಲಿ ನಮ್ಮ ಬುದ್ಧ ವಂದನಾಕ್ಕ ಉಳೀತು. ಓದೋರ ಇಲ್ಲದ ಆ ಭಾಷಾ ಯಾತಕ್ಕ ಬೇಕ್ರಿ ವೈನಿ? ಸತ್ತದ್ದು ಅದು. ನಾಳೆ ಕಲ್ಲು ಒಡಸ್ತೀನಿ."

"ಸತ್ತದ್ದು ನನ್ನ ಮಗಳನ್ನ ಮಾತಾಡಿಸ್ಯಾದ. ನಿಮ್ಮ ಉಳಿದ ಭಾಷಾ ಏನ್ ಮಾಡ್ಯಾವ?"

"ಬಾಯಿ ನೋಡು ಇಕೀದು!" ಎಂದರು ಅತ್ತೆ ಭೀಮವ್ವ.

ಸಂಜೆ ಒಣಗಿದ ಕೌದಿಯನ್ನು ಮಡಚುವಾಗ ಅದರ ಅಂಚಿನಲ್ಲಿ ನಾನು ಹಾಕದ ಹೊಲಿಗೆ ಕಂಡಿತು: ಕಲ್ಲಿನ ಮೇಲಿದ್ದ ಅಕ್ಷರಗಳದೇ ಒಂದು ಸಾಲು. ಬೆರಳಿಟ್ಟರೆ ತಣ್ಣಗಿತ್ತು.

ಒಡೆಯಲಿ ಕಲ್ಲು, ಎಂದುಕೊಂಡೆ. ರಾತ್ರಿ ಕೌದಿಯನ್ನು ಮಲಗಿದ್ದ ಗೌತಮಿಯ ಮಗ್ಗುಲಿಗೆ ಹಾಸಿ, ಹೊಲಿಗೆಯ ಅಂಚನ್ನು ಅವಳ ಕಿವಿಯ ಕೆಳಗೆ ಸರಿಸಿದೆ. ಯಾರಿಗೂ ಹೇಳಲಿಲ್ಲ.