ಮೊಳೆಗೆ ನೇತುಹಾಕಿದ ಶಾಫ್ಟ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನಗಂತೂ ಇನ್ನೂ ಸಿಟ್ಟು ಇಳಿದಿಲ್ಲ.

ನಮ್ಮ ಮೊಂಟಾನಾದ ಹಿಮದಲ್ಲಿ ಹಿಂದಿನ ಎರಡೇ ಚಕ್ರ ತಿರುಗುವ ಗಾಡಿ ಅಂಗಳವನ್ನೂ ದಾಟದು. ನಾಲ್ಕೂ ಚಕ್ರ ಎಳೆಯುವಂತೆ ಮಾಡಿಕೊಡಿ ಎಂದು ಭಾಮೈದ ವರ್ಲಿನ್ ತನ್ನ ಪಿಕಪ್ ತಂದು ಗಂಟುಬಿದ್ದ. ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ, ಉದ್ದನೆಯ ಶಾಫ್ಟ್ ತೆಗೆದು ಗಿಡ್ಡದನ್ನು ಕೂರಿಸಿ, ಮುಂದಿನ ಚಕ್ರಗಳಿಗೂ ಬಲ ಹಂಚುವ ಪೆಟ್ಟಿಗೆಯನ್ನು ಅದರ ಬೆನ್ನಿಗೆ ಜೋಡಿಸಿದೆ. ಹಳೆಯ ಶಾಫ್ಟಿಗೆ ತಂತಿ ಕಟ್ಟಿ ನನ್ನ ಗ್ಯಾರೇಜಿನ ಗೋಡೆಯ ಮೊಳೆಗೆ ನೇತುಹಾಕಿದೆ.

"ಹೆಪ್ಪುಗಟ್ಟಿದ ಕೆರೆ ಮೇಲೆ ಮಾತ್ರ ಹತ್ತಿಸಬೇಡ. ಇದೇನು ದೋಣಿಯಲ್ಲ ಕಣೋ," ಎಂದೆ.

"ನೀವೊಳ್ಳೆ ಪುಕ್ಕಲು ಭಾವ," ಎಂದು ನಗುತ್ತಾ ಹೋದ.

ಮಧ್ಯಾಹ್ನ ಮುಟ್ಟಿದರೆ ಆ ಶಾಫ್ಟ್ ಬೆಚ್ಚಗಿತ್ತು. ಒಲೆ ಆರಿತ್ತು, ಪಕ್ಕದ ಸ್ಪಾನರುಗಳು ಕೈ ಕೊರೆಯುತ್ತಿದ್ದವು. ಹೆಂಡತಿ ಆರ್ಡಿಸ್ ತಮ್ಮನಿಗೆ ಫೋನ್ ಮಾಡಿದಳು. ಅವನು ಗುಡ್ಡ ಹತ್ತಿಸುತ್ತಿದ್ದ. ಗಾಡಿ ನಿಲ್ಲಿಸಿ ಕಾಫಿ ಕುಡಿಯುವಷ್ಟರಲ್ಲಿ ಶಾಫ್ಟ್ ತಣ್ಣಗಾಯಿತು. ಅವನು ಮತ್ತೆ ಹೊರಟ, ಇದು ಮತ್ತೆ ಬಿಸಿಯೇರಿತು.

ಆ ಭಾನುವಾರ ಮೀನು ಹಿಡಿಯಲು ಕೆರೆಯ ಮೇಲೇ ಓಡಿಸಿದ, ಕತ್ತೆ. ಮಂಜುಗಡ್ಡೆ ಒಡೆಯಿತು. ಅವನನ್ನು ಮಣ್ಣು ಮಾಡಿದೆವು. ಹಿಮ ಕರಗಿದ ಮೇಲೆ ಗಾಡಿಯನ್ನೂ ಎತ್ತಿದರು; ಗುಜರಿಯವರು ಅದನ್ನು ಹಿಚುಕಿ ಅಪ್ಪಚ್ಚಿ ಮಾಡಿದ್ದನ್ನು ನಾನೇ ನಿಂತು ನೋಡಿದೆ.

ನಿನ್ನೆ ಬೆಳಿಗ್ಗೆ ಶಾಫ್ಟ್ ನನ್ನ ಅಂಗೈ ಸುಟ್ಟಿತು. ಸಿಟ್ಟು ನೆತ್ತಿಗೇರಿತು.

"ಹಾಳಾದವನೇ, ಅಕ್ಕನ್ನ ಅಳಿಸಿದ್ದು ಸಾಲದಾ? ಇನ್ನಾದರೂ ನಿಲ್ಲಿಸೋ ಗಾಡೀನ!" ಎಂದು ಕಿರುಚಿದೆ.

ಕೂಗು ಕೇಳಿ ಓಡಿಬಂದ ಆರ್ಡಿಸ್ ಶಾಫ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು.

"ತಣ್ಣಗಾಗ್ತಾ ಇದೆ ಕಣ್ರೀ," ಎಂದಳು. "ನಿಲ್ಸಿದ."