ಬರ್ಬೋಟ್ ಸರೋವರದ ನಾಲ್ಕು ಕೊಂಬೆ

ಕೈಸಾ ರಂಟಾಗೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಗೆರೆ ಎಳೆದರೆ ವಾಲುತ್ತಿತ್ತು, ಕುದುರೆ ಬರೆದರೆ ಮೇಜಿನಂತೆ ಕಾಣುತ್ತಿತ್ತು. ವಾಸ್ತುಶಿಲ್ಪದ ಪದವಿಗೆ ಅರ್ಜಿ ಹಾಕುವವರು ತಮ್ಮ ಕೆಲಸದ ಚಿತ್ರಗಳನ್ನು ಮೊದಲೇ ಕಳಿಸಬೇಕು. ಚಿತ್ರ ಇಲ್ಲದವರು ತಾವು ಕಟ್ಟಿದ ವಸ್ತುವನ್ನೇ ಸಂದರ್ಶನದ ದಿನ ತೋರಿಸಬಹುದು ಎಂದು ನಿಯಮದ ಕೊನೆಯಲ್ಲಿ ಒಂದು ಸಾಲಿತ್ತು. ಆ ಸಾಲನ್ನು ನಂಬಿ ಹದಿನೆಂಟು ವರ್ಷದ ಹುಡುಗಿ ತೀರಿಹೋದ ಅಜ್ಜನ ಸೌನಾ, ಅಂದರೆ ಹಬೆಸ್ನಾನದ ಮರದ ಕೋಣೆ, ಬಿಚ್ಚಿದಳು. ಅದರ ದೇವದಾರು ಹಲಗೆಗಳನ್ನು ಒಂದಕ್ಕೊಂದು ಕಚ್ಚಿಸಿ, ಹೆಪ್ಪುಗಟ್ಟಿದ ಬರ್ಬೋಟ್ ಸರೋವರದ ಮೇಲೆ, ಮಂಜುಗಡ್ಡೆಯಲ್ಲಿ ತೂತು ಕೊರೆದು ಒಳಗೆ ಕೂತು ಮೀನು ಹಿಡಿಯುವ ಗುಡಿಸಲು ಕಟ್ಟಿದಳು.

ಜನವರಿ 23, ಗುರುವಾರ ಸಂಜೆ ಅದು ಸುಟ್ಟುಹೋಯಿತು.

ಏಳು ಗಂಟೆ ಹೊತ್ತಿಗೆ ಅವಳ ಅಪ್ಪ ಆರ್ವೋ ರಂಟಾ ಹಾರ್ಡಿ ಫಾಲ್ಸ್ ಊರಿನ ಪೊಲೀಸ್ ಠಾಣೆಗೆ ಬಂದ. ಗಣಿಯಲ್ಲಿ ಪಂಪು ನೋಡಿಕೊಳ್ಳುವ ಆಸಾಮಿ. ಬೂಟಿನ ಹಿಮವನ್ನೂ ಕೊಡವಿರಲಿಲ್ಲ. ಸಾರ್ಜೆಂಟ್ ಓಡೆಟ್ ರಾಂಕೂರ್ ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ.

"ಒಳಗೆ ಯಾರಾದ್ರೂ ಇದ್ರಾ?"

"ಇಲ್ಲ. ಉರಿ ಕಂಡು ಇವಳೇ ಮನೆಯಿಂದ ಓಡಿದ್ಲು. ಬಾಗಿಲಾದ್ರೂ ಉಳಿಸ್ತೀನಿ ಅಂತ ಕರಗಿದ ನೀರಲ್ಲಿ ಮೊಣಕಾಲೂರಿ ಎಳೆದಿದಾಳೆ. ಕೈಗವಸು ನೆಂದು ಹೋಯ್ತು. ಎಡಗೈದು ಎರಡು ಬೆರಳು ಚಳಿಗೆ ಸತ್ತು ಮೇಣದ ಥರ ಆಗಿದೆ. ಆಸ್ಪತ್ರೇಲಿದಾಳೆ."

"ಒಲೆ ಹಚ್ಚಿದ್ಲಾ?"

"ನೀವೂ ಅದನ್ನೇ ಕೇಳಿ! ದಾರಿಯುದ್ದಕ್ಕೂ ಊರೆಲ್ಲ ಅದನ್ನೇ ಕೇಳ್ತು." ಆರ್ವೋ ಟೋಪಿಯನ್ನು ಮೇಜಿನ ಮೇಲೆ ಕುಕ್ಕಿದ. "ಶನಿವಾರ ಯೂನಿವರ್ಸಿಟಿಯೋರು ಸ್ಕೂಲಿಗೆ ಬರ್ತಾರೆ. ಹನ್ನೊಂದಕ್ಕೆ ಇವಳ ಸಂದರ್ಶನ. ತೋರಿಸೋಕೆ ಅದೊಂದೇ ಇತ್ತು. ಈಗ ಅಜಾಗರೂಕತೆಯಿಂದ ತಾನೇ ಸುಟ್ಕೊಂಡ್ಲು ಅಂತ ಅವರ ಕಿವಿಗೆ ಬಿದ್ರೆ ಮುಗೀತು. ಯಾರೋ ಹಚ್ಚಿದಾರೆ. ಬರ್ಕೊಳ್ಳಿ."

ಸಾರ್ಜೆಂಟ್ ದೂರು ಬರೆದುಕೊಂಡಳು. ಆರೋಪಿ ಎಂಬಲ್ಲಿ 'ಅಪರಿಚಿತ' ಎಂದು ಹಾಕಿದಳು.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಸ್ಥಳ ಮಹಜರು ಶುರುವಾಯಿತು. ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗೆ. ಪಕ್ಕದ ಗುಡಿಸಲುಗಳ ಇಬ್ಬರು ಮುದುಕರು ಸಾಕ್ಷಿಗೆ ನಿಂತು, ಯಾರ ಫ್ಲಾಸ್ಕಿನ ಕಾಫಿ ಹೆಚ್ಚು ಬಿಸಿ ಎಂದು ಜಗಳ ಆಡುತ್ತಿದ್ದರು. ಗುಡಿಸಲಿದ್ದ ಕಡೆ ಕರಿ ಬೂದಿಯ ಚೌಕ, ನಡುವೆ ರಾತ್ರಿ ಮತ್ತೆ ಹೆಪ್ಪುಗಟ್ಟಿದ ತೆಳು ಮಂಜುಗಡ್ಡೆಯ ಹಾಳೆ. ಕಾನ್‌ಸ್ಟೇಬಲ್ ನಕೋಗಿ ಹೊಟ್ಟೆ ಮೇಲೆ ಮಲಗಿ, ಉದ್ದ ಕೋಲಿಗೆ ಕಟ್ಟಿದ ಅಯಸ್ಕಾಂತದಿಂದ ಬೂದಿ ಕೆದಕಿದ.

"ಸಾರ್ಜೆಂಟ್, ಒಂದು ಮೊಳೆಯೂ ಇಲ್ಲ. ಬಾಗಿಲ ತಿರುಗಣೆ ಎರಡು, ಅಷ್ಟೇ. ನಮ್ಮ ಭಾವ ಕಟ್ಟಿದ್ದಾಗಿದ್ರೆ ಬಕೆಟ್ ತುಂಬ್ತಿತ್ತು."

"ಒಲೆ?"

"ಚಿಲಕ ಹಾಕಿದೆ. ಒಳಗಿನ ಬೂದಿ ಚಪ್ಪಟೆಯಾಗಿ ಕೂತಿದೆ, ಮೇಲೆ ಸುಡದ ಕಾಗದ. ಹೊಸದಾಗಿ ಜೋಡಿಸಿದಾಳೆ, ಹಚ್ಚಿಲ್ಲ."

ಹೊರಗೋಡೆಯ ಬುಡದಲ್ಲಿ ಅರ್ಧ ಸುಟ್ಟ ಹಲಗೆಯೊಂದು ಸಿಕ್ಕಿತು. ಅದರಲ್ಲಿ ಪೆಟ್ರೋಲ್ ವಾಸನೆ. ಆದರೆ ಇಲ್ಲಿ ಪ್ರತಿ ಮನೆಯಲ್ಲೂ ಹಿಮಬಂಡಿ ಇದೆ, ಪ್ರತಿ ಹಿಮಬಂಡಿಗೂ ಪೆಟ್ರೋಲ್ ಬೇಕು. ಅದರಿಂದ ಯಾರನ್ನೂ ಹಿಡಿಯುವಂತಿರಲಿಲ್ಲ.

ಸಾರ್ಜೆಂಟ್ ವಾಪಸ್ ಹೊರಟು ಹತ್ತು ಹೆಜ್ಜೆ ನಡೆದಿದ್ದಳು. ದಾರಿಗೆ ಒಂದು ಕೊಂಬೆ ಅಡ್ಡ ಬಂತು, ಬಳಸಿ ಮುಂದೆ ಹೋದಳು. ನಾಲ್ಕು ಹೆಜ್ಜೆ ಆದಮೇಲೆ ನಿಂತು ತಿರುಗಿದಳು.

ಬೂದಿಯ ಸುತ್ತ, ಉರಿ ತಾಗದಷ್ಟು ದೂರದಲ್ಲಿ, ನಾಲ್ಕು ದಿಕ್ಕಿಗೆ ಹಿಮ ಹೊತ್ತ ನಾಲ್ಕು ಹಸಿರು ಕೊಂಬೆ ನೆಟ್ಟಿತ್ತು. ಸರೋವರದ ಮೇಲೆ ತೂತು ಬಿಟ್ಟು ಹೋಗುವವನು ಕೊಂಬೆ ನೆಟ್ಟು ಹೋಗಬೇಕು. ಇಲ್ಲದಿದ್ದರೆ ಹಿಮಬಂಡಿಯಲ್ಲಿ ಬಂದವನು ನೀರಿಗೆ ಇಳಿಯುತ್ತಾನೆ. ಶೂ ದಾರ ಕಟ್ಟಲು ಬರುವ ಮೊದಲೇ ಮಕ್ಕಳಿಗೆ ಇದು ಗೊತ್ತಿರುತ್ತದೆ. ಬೆಳಗಿನಿಂದ ಕೊಂಬೆಗಳು ಕಣ್ಣೆದುರೇ ಇದ್ದವು. ಇರಬೇಕಾದ ಜಾಗದಲ್ಲೇ ಇದ್ದುದರಿಂದ ಯಾರೂ ನೋಡಿರಲಿಲ್ಲ.

"ಇವನ್ನ ನೆಟ್ಟೋರು ಯಾರು?"

ಸಾಕ್ಷಿಗಳು ತಾವಲ್ಲ ಎಂದರು. ನಕೋಗಿ ಅಗ್ನಿಶಾಮಕ ದಳಕ್ಕೆ ಫೋನ್ ಹಚ್ಚಿದ. ನಾವು ಬರುವಾಗಲೇ ಇತ್ತು ಎಂದರು. ಆರ್ವೋನನ್ನು ಕೇಳಿದ. ಅವನೂ ನೆಟ್ಟಿರಲಿಲ್ಲ. ಒಂದನ್ನು ಕೀಳಲು ನೋಡಿದರೆ ಬರಲಿಲ್ಲ. ತೂತು ಕೊರೆದು, ಕೊಂಬೆ ಇಳಿಸಿ, ನೀರು ಹೊಯ್ದು ಕಲ್ಲಿನಂತೆ ಕೂರಿಸಿದ್ದರು. ಬುಡದ ಮಂಜನ್ನು ಉಳಿಯಿಂದ ಒಡೆದಾಗ ಅದರ ಮೇಲೆ ಉರಿಯ ಮಸಿ ಕೂತಿರುವುದು ಕಂಡಿತು. ಮಂಜು ಮೊದಲು, ಮಸಿ ಆಮೇಲೆ.

"ಅಂದ್ರೆ ಸುಡೋಕೆ ಬಂದೋನು ಮೊದಲು ಅಪಾಯದ ಗುರುತು ನೆಟ್ಟು, ಆಮೇಲೆ ಬೆಂಕಿ ಇಟ್ಟಿದಾನೆ," ಎಂದ ನಕೋಗಿ. "ಎಂಥಾ ಕಳ್ಳ ಇವನು?"

"ಊರಿನವನು. ಅದೂ ಚೆನ್ನಾಗಿ ಬೆಳೆಸಿದ ಮನೆಯವನು."

"ಹಾಗಾದ್ರೆ ಆ ಹುಡುಗೀನೇ ನೆಟ್ಟಿರಬಹುದಲ್ವಾ? ಗುಡಿಸಲು ಚೆನ್ನಾಗಿ ಬರ್ಲಿಲ್ಲ, ಸಂದರ್ಶನಕ್ಕೆ ಹೆದರಿಕೊಂಡ್ಲು..."

ಸಾರ್ಜೆಂಟ್ ಎರಡು ಕೊಂಬೆ ಕಿತ್ತು ಚೀಲಕ್ಕೆ ಹಾಕಿಸಿ, ನೇರ ಆಸ್ಪತ್ರೆಗೆ ಹೋದಳು.

ಕೈಸಾಳ ಎಡಗೈ ಬಟ್ಟೆಯ ಗಂಟಾಗಿ ದಿಂಬಿನ ಮೇಲಿತ್ತು. ಪಕ್ಕದಲ್ಲಿ ಅವಳ ಅಪ್ಪ ತಂದಿಟ್ಟ ಏಲಕ್ಕಿ ಬನ್ನು ಹಾಗೇ ಇತ್ತು.

"ಗುರುವಾರ ಗುಡಿಸಲಿಗೆ ಹೋಗಿದ್ಯಾ?"

"ಮಧ್ಯಾಹ್ನ. ಒಲೆಗೆ ಸೌದೆ ಜೋಡಿಸಿ ಬಂದೆ. ಶನಿವಾರಕ್ಕೆ."

"ಕೊಂಬೆ ಇತ್ತಾ?"

"ಯಾಕಿರುತ್ತೆ? ಗುಡಿಸಲೇ ಇತ್ತಲ್ಲ."

"ಫೋಟೋ ಇದ್ರೆ ಕೊಡು."

"ಇಲ್ಲ. ಎಮರಿ ತೆಗೆದಿದ್ದ, ಡಿಸೆಂಬರ್‌ನಲ್ಲಿ. ಒಳ್ಳೇ ಕ್ಯಾಮೆರಾ ಅವನದ್ದು. ಕಾರ್ಡ್ ಹಾಳಾಯ್ತಂತೆ."

"ನಿನ್ನ ಫೋನಲ್ಲಿ?"

"ಹಳೇದು ಮೀನಿನ ತೂತಲ್ಲಿ ಬಿತ್ತು. ನಗಬೇಡಿ."

"ನಕ್ಕಿಲ್ಲ. ಎಮರಿ ಡುಕೆಟ್ ತಾನೇ? ಮೋಟೆಲ್ ಮೋನಿಕ್ ಮಗ?"

"ಹೂಂ. ಅವನೂ ಅದೇ ಪದವಿಗೆ ಹಾಕಿದಾನೆ. ಹತ್ತಕ್ಕೆ ಅವನದ್ದು, ಹನ್ನೊಂದಕ್ಕೆ ನಂದು. ಅವನು ಬರೆದ್ರೆ ಕಟ್ಟಡ ಹಾಳೆಯಿಂದ ಎದ್ದು ಬರುತ್ತೆ ಗೊತ್ತಾ. ನಂದು ನೋಡಿದ್ರೆ ಕೋಳಿ ಗೂಡು."

"ಸಂದರ್ಶನಕ್ಕೆ ಏನು ಮಾಡಬೇಕಂತಿದ್ದೆ?"

"ಅವರನ್ನ ಗುಡಿಸಲಿಗೇ ಕರ್ಕೊಂಡು ಹೋಗಿ ಕೂರಿಸ್ತಿದ್ದೆ. ಕಾಫಿ ಮಾಡ್ತಿದ್ದೆ. ಗೋಡೇಲಿ ಬಿಟ್ಟ ಸೀಳಿನಿಂದ ಬಿಸಿಲು ಬಂದು ಸರಿಯಾಗಿ ತೂತಿನ ನೀರಿಗೆ ಬೀಳುತ್ತೆ, ಹನ್ನೊಂದೂವರೆಗೆ." ಅವಳು ಬ್ಯಾಂಡೇಜನ್ನೇ ನೋಡಿದಳು. "ಬೀಳ್ತಿತ್ತು."

"ಇದು ಯಾರಿಗೆ ಗೊತ್ತಿತ್ತು?"

"ಅಪ್ಪಂಗೆ. ಬುಧವಾರ ಎಮರಿಗೂ ಹೇಳ್ದೆ."

"ಏನಂದ?"

"ಅಲ್ಲಿ ಮಂಜು ಎಷ್ಟು ದಪ್ಪ ಇದೆ ಅಂತ ಕೇಳ್ದ."

ಸಾರ್ಜೆಂಟ್ ಹೊರಗೆ ಬಂದು ಕಾರು ಹತ್ತಿದಳು. ಮಂಜಿನ ದಪ್ಪ ಕೇಳುವುದು ಅಪರಾಧವಲ್ಲ. ಈ ಊರಿನಲ್ಲಿ ಅದು ನಮಸ್ಕಾರ ಹೇಳಿದ ಹಾಗೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಅವಳು ಠಾಣೆಗೆ ಬಂದಾಗ ನಕೋಗಿ ಹೀಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕೊಂಬೆ ರಾತ್ರಿಯೆಲ್ಲ ಅಲ್ಲೇ ಒರಗಿತ್ತು.

"ಸಾರ್ಜೆಂಟ್, ಇದರ ಮೇಲಿನ ಹಿಮ ಕರಗಿಲ್ಲ."

"ಏನು?"

"ಮುಟ್ಟಿ ನೋಡಿ."

ಮುಟ್ಟಿದಳು. ಬೆಚ್ಚಗಿತ್ತು. ಎಲೆಗಳ ಮೇಲಿನ ಬಿಳುಪು ಉಗುರಿಗೆ ಸುಣ್ಣದಂತೆ ಉದುರಿತು. ಕ್ರಿಸ್‌ಮಸ್ ಮರಕ್ಕೆ ಡಬ್ಬಿಯಿಂದ ಊದುವ ನಕಲಿ ಹಿಮ. ಕಿಟಕಿ ತೆರೆದರೆ ನಿಜವಾದ್ದು ಒಳಗೆ ಬೀಳುವ ಊರಿನಲ್ಲಿ ಅದನ್ನು ಕಾಸು ಕೊಟ್ಟು ತರುವವರು ಒಬ್ಬರೇ. ಸಾರ್ಜೆಂಟ್ ಕಾರಿನ ಕೀಲಿ ತೆಗೆದುಕೊಂಡಳು.

ಮೋನಿಕ್ ಡುಕೆಟ್ ಮೋಟೆಲ್ಲಿನ ಊಟದ ಕೋಣೆಯಲ್ಲಿ ತಟ್ಟೆ ಎತ್ತುತ್ತಿದ್ದಳು. ಸಂದರ್ಶನಕ್ಕೆ ಬಂದ ಯೂನಿವರ್ಸಿಟಿಯವರು ಅವಳಲ್ಲೇ ಉಳಿದಿದ್ದರು, ತಿಂಡಿ ತಿಂದು ಆಗಷ್ಟೇ ಹೋಗಿದ್ದರು.

"ಮೋನಿಕ್, ನಿನ್ನ ಬಿಳಿ ಮರ ಎಲ್ಲಿ?"

"ಶುರುವಾಯ್ತಾ? ಊರೆಲ್ಲ ಆಡ್ಕೊಂಡಾಯ್ತು, ಇನ್ನು ಪೊಲೀಸ್‌ನೋರು ಬಾಕಿ ಇದ್ರು. ಹಿತ್ತಲಲ್ಲಿ ಬಿದ್ದಿದೆ. ಬೇಕಿದ್ರೆ ಹೊತ್ಕೊಂಡು ಹೋಗು, ಜೈಲಿಗೆ ಹಾಕು."

ಹಿತ್ತಲಿನಲ್ಲಿ ಮರ ಅಡ್ಡ ಬಿದ್ದಿತ್ತು. ಕೆಳಗಿನ ನಾಲ್ಕು ಕೊಂಬೆ ಗರಗಸದಿಂದ ಕೊಯ್ದಿದ್ದರು, ಅಂಟು ಇನ್ನೂ ಹಳದಿ. ನಕೋಗಿ ಚೀಲದ ಕೊಂಬೆಯನ್ನು ಒಂದು ಗಾಯಕ್ಕೆ ಹಿಡಿದ. ಕೂರಲಿಲ್ಲ. ಪಕ್ಕದ್ದಕ್ಕೆ ಹಿಡಿದ. ಕೂತಿತು.

ಮೋನಿಕ್ ಅಂಗಿಯ ಮೇಲೆ ಏನೂ ಹೊದೆಯದೆ ಬಾಗಿಲಲ್ಲಿ ನಿಂತು ನೋಡಿದಳು. ಸಾರ್ಜೆಂಟ್ ಅವಳ ಕಡೆ ತಿರುಗಿದಳು.

"ಎಮರಿ ಎಲ್ಲಿ?"

"ಸ್ಕೂಲಿಗೆ ಹೋದ. ಅವರಪ್ಪನ ಟೈ ಕಟ್ಟಿ ಕಳಿಸಿದೀನಿ." ಮೋನಿಕ್ ಸಾರ್ಜೆಂಟಳ ತೋಳು ಹಿಡಿದಳು. "ಓಡೆಟ್. ಹತ್ತಕ್ಕೆ ಅವನದ್ದು. ಒಂದು ಗಂಟೆ ಕಾಯಿ. ಒಂದೇ ಗಂಟೆ. ಆಮೇಲೆ ಕರ್ಕೊಂಡು ಹೋಗು, ನಾನೇ ಬಾಗಿಲು ತೆಗೀತೀನಿ."

ಕಾರಿನಲ್ಲಿ ನಕೋಗಿ ಕೇಳಿದ, "ಕಾಯೋದಾ?"

"ಹನ್ನೊಂದಕ್ಕೆ ಕೈಸಾದು ಇತ್ತು. ಅವಳಿಗೆ ಯಾರು ಕಾದ್ರು?"

ಆದರೂ ಅವಳು ಕಾರನ್ನು ನಿಧಾನವಾಗಿ ಓಡಿಸಿದಳು.

ಶಾಲೆಯ ಗ್ರಂಥಾಲಯದಲ್ಲಿ ಎಮರಿ ಒಬ್ಬನೇ ಇದ್ದ. ಅಗಲ ಟೈ, ಒದ್ದೆ ಮಾಡಿ ಬಾಚಿದ ಕೂದಲು, ಮುಂದೆ ಚಿತ್ರಗಳ ಕಪ್ಪು ಚೀಲ. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಗೋಡೆ ಗಡಿಯಾರದಲ್ಲಿ ಒಂಬತ್ತು ನಲವತ್ತು. ಸಾರ್ಜೆಂಟ್ ಎದುರು ಕೂತು, ಅವನ ಹಕ್ಕುಗಳನ್ನು ಓದಿ ಹೇಳಿ, ವಕೀಲರು ಬರುವವರೆಗೆ ಸುಮ್ಮನಿರಬಹುದು ಎಂದಳು. ಆಮೇಲೆ ಕೊಂಬೆಯನ್ನು ಬಿಸಿಗಾಳಿ ಬರುವ ಕಿಂಡಿಯ ಮೇಲೆ ಇಟ್ಟಳು.

ಎಮರಿ ಕೊಂಬೆಯನ್ನು ನೋಡಿದ. ಗಡಿಯಾರ ನೋಡಿದ. ಮತ್ತೆ ಕೊಂಬೆಯನ್ನು ನೋಡಿದ. ಅದರ ಮೇಲಿಂದ ಒಂದು ಹನಿಯೂ ಜಾರಲಿಲ್ಲ.

"ರಸ್ತೆಗೆ ಹತ್ತಿರ ಅದು," ಎಂದ ಕೊನೆಗೆ. "ಸುಟ್ಟ ಕಡೆ ಮಂಜು ತೆಳ್ಳಗಾಗುತ್ತೆ, ಮಕ್ಕಳು ಹಿಮಬಂಡಿ ಓಡಿಸ್ತಾವೆ. ಹಾಗೇ ಬಿಟ್ಟು ಹೋಗೋಕೆ ಆಗಲಿಲ್ಲ."

"ಎಷ್ಟೊತ್ತಿಗೆ ನೆಟ್ಟೆ?"

"ಮೂರೂವರೆಗೆ. ಆಮೇಲೆ ಕತ್ತಲಾಗೋಕೆ ಕಾದೆ."

"ಯಾಕೋ ಸುಟ್ಟೆ?"

"ಅದರ ಫೋಟೋ ನಂದು ಅಂತ ಕಳಿಸಿದ್ದೆ. ಅರ್ಜಿ ಜೊತೆ. ಅವಳು ಇವರನ್ನ ಅಲ್ಲಿಗೇ ಕರ್ಕೊಂಡು ಹೋದ್ರೆ..." ಅವನು ಟೈ ಸಡಿಲಿಸಿದ. "ಕಾರ್ಡ್ ಹಾಳಾಗಿರ್ಲಿಲ್ಲ."

"ನಿನ್ನ ಚಿತ್ರ ಇತ್ತಲ್ಲೋ. ಊರಿಗೇ ಗೊತ್ತು ನಿನ್ನ ಕೈ."

"ಎಲ್ಲ ಕಾಗದ, ಸಾರ್ಜೆಂಟ್. ಫೋಟೋ ತೆಗೆಯೋಕೆ ಅಂತ ಅವಳ ಗುಡಿಸಲೊಳಗೆ ನಿಂತಿದ್ದೆ. ಹೊರಗೆ ಗಾಳಿ ಹೊಡೀತಿತ್ತು, ಒಳಗೆ ಏನೂ ಅಲ್ಲಾಡ್ತಿರ್ಲಿಲ್ಲ. ನಾನು ಬರೆದಿದ್ದು ಯಾವುದೂ ಹಾಗೆ ನಿಲ್ಲಲ್ಲ ಅಂತ ಅನ್ನಿಸ್ತು." ಚೀಲವನ್ನು ಪಕ್ಕಕ್ಕೆ ಸರಿಸಿ ಕೇಳಿದ, "ಅವಳ ಕೈ ಹೇಗಿದೆ?"

ಸಾರ್ಜೆಂಟ್ ಹೇಳಿದಳು. ಅವನು ಎರಡೂ ಕೈ ಮೇಜಿನ ಕೆಳಗೆ ಇಟ್ಟುಕೊಂಡ.

ಒಂಬತ್ತು ಐವತ್ತೆರಡಕ್ಕೆ ದಸ್ತಗಿರಿ ಆಯಿತು. ನಕೋಗಿ ಅವನನ್ನು ಹಿಂಬಾಗಿಲಿನಿಂದ ಕರೆದುಕೊಂಡು ಹೋದ. ಒಳಗಿನ ಬಾಗಿಲು ತೆರೆದು ಪ್ರೊಫೆಸರ್ ನಡೋ ಎಂಬ ನರೆಗೂದಲಿನ ಹೆಂಗಸು ಇಣುಕಿದಳು.

"ಎಮರಿ ಡುಕೆಟ್ ಬಂದಿದಾನಾ?"

"ಬರಲ್ಲ," ಎಂದು ಸಾರ್ಜೆಂಟ್ ವಿಷಯ ಹೇಳಿದಳು. ಆ ಗುಡಿಸಲನ್ನು ಕಟ್ಟಿದವಳು ಆಸ್ಪತ್ರೆಯಲ್ಲಿದ್ದಾಳೆ, ಬೆಂಕಿ ಅವಳ ತಪ್ಪಲ್ಲ, ಫೋಟೋ ನಿಮ್ಮ ಹತ್ತಿರವೇ ಇದೆ, ಅದನ್ನೇ ಅವಳದ್ದೆಂದು ನೋಡಬಹುದಲ್ಲ ಎಂದಳು.

ಪ್ರೊಫೆಸರ್ ಕನ್ನಡಕ ತೆಗೆದಳು. "ಅದು ಇನ್ನೊಬ್ಬನ ಅರ್ಜಿಯಲ್ಲಿದೆ. ಈಗ ನಿಮ್ಮ ಕೇಸಿನಲ್ಲೂ ಇದೆ. ಸಮಿತಿ ಮುಂದೆ ಇಡ್ತೀನಿ. ಮುಂದಿನ ವರ್ಷ ಹಾಕಲಿ ಅಂತಾರೆ. ಯಾವಾಗಲೂ ಹಾಗೇ ಅಂತಾರೆ."

ಸಾರ್ಜೆಂಟ್ ಎದ್ದಳು.

"ಒಂದು ಮಾತು," ಎಂದಳು ಪ್ರೊಫೆಸರ್. "ಆ ಹುಡುಗನ ಚಿತ್ರ ನೋಡಿದ ದಿನವೇ ಇವನನ್ನ ಬಿಡಬಾರದು ಅಂದ್ಕೊಂಡಿದ್ವಿ. ಗುಡಿಸಲಿನ ಫೋಟೋ ಕೊನೇ ಪುಟದಲ್ಲಿತ್ತು. ಅದಿಲ್ಲದಿದ್ರೂ ತಗೊಳ್ತಿದ್ವಿ."

ಇದನ್ನು ಸಾರ್ಜೆಂಟ್ ಎಮರಿಗೆ ಹೇಳಲಿಲ್ಲ. ಮೋನಿಕ್‌ಗೂ ಹೇಳಲಿಲ್ಲ. ಸೋಮವಾರ ಕೈಸಾಳ ಶಸ್ತ್ರಚಿಕಿತ್ಸೆ ಆಯಿತು. ಮಾರ್ಚ್‌ನಲ್ಲಿ ಸಮಿತಿಯ ಉತ್ತರ ಬಂತು, ಪ್ರೊಫೆಸರ್ ಹೇಳಿದ ಹಾಗೇ ಇತ್ತು. ಮತ್ತೆ ಕಟ್ಟುತ್ತೀಯಾ ಎಂದು ಯಾರೋ ಕೇಳಿದ್ದಕ್ಕೆ ಕೈಸಾ, "ಬಿಚ್ಚೋಕೆ ಇನ್ನೊಂದು ಸೌನಾ ಎಲ್ಲಿದೆ?" ಎಂದಳಂತೆ. ಏಪ್ರಿಲ್‌ನಲ್ಲಿ ಮಂಜು ಒಡೆದಾಗ, ಕಿತ್ತಿರದ ಎರಡು ಕೊಂಬೆ ಬಿಳಿ ಬಣ್ಣದ ಸಮೇತ ತೇಲಿ ದಡಕ್ಕೆ ಬಂದವು.

ಆ ಊರಿನಿಂದ ಅದುವರೆಗೆ ಯಾರೂ ವಾಸ್ತುಶಿಲ್ಪ ಓದಲು ಹೋಗಿರಲಿಲ್ಲ. ಹೋದದ್ದು ಇಷ್ಟು: ಒಂದು ಗುಡಿಸಲು, ಎರಡು ಬೆರಳು, ಎರಡು ಸೀಟು.