ಮೇಜಿನ ಮೇಲೆ ಏನೂ ಉಳಿಯದ ಕೋಣೆ

“ಫೋನ್ ಆಫ್ ಮಾಡಿ!”

ಅವನು ಬೆಚ್ಚಿ ತಿರುಗಿದ. ವಾಚನಾಲಯದ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದ ಹೆಂಗಸೊಬ್ಬಳು ಚಿಲಕದ ಮೇಲೆ ಕೈಯಿಟ್ಟುಕೊಂಡೇ ಅವನನ್ನು ದುರುಗುಟ್ಟಿ ನೋಡುತ್ತಿದ್ದಳು.

“ಕೋಣೆ ಖಾಲಿ ಇದೆಯಲ್ಲ ಮೇಡಂ. ಯಾರಿಗೆ ತೊಂದರೆ?”

“ನನಗೆ!”

ಆ ಕಡೆಯವರಿಗೆ ಒಂದು ಮಾತೂ ಹೇಳದೆ ಅವನು ಫೋನ್ ಕಟ್ ಮಾಡಿದ. ಆಮೇಲೆ ನಕ್ಕ.

ಆ ನಗು ಅವಳಿಗೆ ಹಿಡಿಸಲಿಲ್ಲ. ಹಿಡಿಸಲಿಲ್ಲ, ಹಿಡಿಸಲಿಲ್ಲ ಎಂದು ಮನೆ ತಲುಪುವವರೆಗೂ ತನಗೆ ತಾನೇ ಹೇಳಿಕೊಂಡಳು. ಹಿಡಿಸದ ನಗುವನ್ನು ಯಾರಾದರೂ ಅಷ್ಟು ದೂರ ಹೊತ್ತುಕೊಂಡು ಹೋಗುತ್ತಾರೆಯೇ? ಆದರೆ ಆ ಹುಚ್ಚಿಗೆ ಅದೆಲ್ಲ ಎಲ್ಲಿ ಹೊಳೆಯಬೇಕು!

ಆ ಸಾರ್ವಜನಿಕ ಗ್ರಂಥಾಲಯದ ಮೇಲಂತಸ್ತಿನ ವಾಚನಾಲಯ ಅವಳದು. ಹಾಗೆಂದು ಯಾವ ಆದೇಶದಲ್ಲೂ ಇರಲಿಲ್ಲ, ಅಲ್ಲಿಗೆ ಬರುವವರು ಒಪ್ಪಿಕೊಂಡಿದ್ದರು ಅಷ್ಟೇ. ಮನೆಗೆ ಕೊಡದ ದಪ್ಪ ದಪ್ಪ ಪುಸ್ತಕಗಳೆಲ್ಲ ಅಲ್ಲಿದ್ದವು. ಅಲ್ಲೇ ಕೂತು ಓದಬೇಕು, ಓದಿದ ಮೇಲೆ ತೆಗೆದ ಜಾಗದಲ್ಲೇ ಇಡಬೇಕು. ಪುಸ್ತಕ ತೆಗೆದ ಸಂದಿಯಲ್ಲಿ ಗುರುತಿಗೊಂದು ಹಲಗೆ ತುಂಡು ಸಿಕ್ಕಿಸಬೇಕು. ಯಾರಾದರೂ ಮರೆತರೆ ಮುಗಿಯಿತು.

“ಮನೇಲಿ ಉಂಡ ತಟ್ಟೆ ಹಾಗೇ ಬಿಟ್ಟು ಎದ್ದು ಹೋಗ್ತೀರಾ?” ಎಂದು ಅಪ್ಪನ ವಯಸ್ಸಿನವರನ್ನೂ ಬಿಡದೆ ಗದರುತ್ತಿದ್ದಳು. ಬೆನ್ನ ಹಿಂದೆ ಎಲ್ಲರೂ ಅವಳನ್ನು ‘ಹೆಡ್ ಮೇಡಂ’ ಎನ್ನುತ್ತಿದ್ದರು. ಅವಳಿಗೆ ಗೊತ್ತಿತ್ತು, ಖುಷಿಯೂ ಇತ್ತು.

ಫೋನಿನವನು ಕೇಂದ್ರ ಕಚೇರಿಯಿಂದ ಬಂದವನು. ಗ್ರಂಥಾಲಯಕ್ಕೆ ಆ್ಯಪ್ ಮಾಡಿಸುವುದು, ಪುಸ್ತಕಗಳನ್ನು ಫೋನಿನಲ್ಲೇ ಓದುವಂತೆ ಮಾಡುವುದು, ಯಾವ ವಿಭಾಗ ಎಷ್ಟು ಬಳಕೆಯಲ್ಲಿದೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಹಗಲಿಡೀ ನೆಲಮಾಳಿಗೆಯಲ್ಲಿ ವೈರುಗಳ ನಡುವೆ ಕೂತಿರುತ್ತಿದ್ದ. ಅವನಿಗೆ ‘ಆ್ಯಪ್ ಸಾರ್’ ಎಂಬ ಹೆಸರು ಬೀಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮರುದಿನ ಸಂಜೆ, ಬಾಗಿಲು ಹಾಕುವ ಹೊತ್ತಿಗೆ, ಅವನು ಮತ್ತೆ ಬಂದ. ಕೈಯಲ್ಲಿ ಒಂದು ಪುಟ್ಟ ಸ್ಕ್ಯಾನರ್.

“ಮೇಡಂ, ದಿನಾ ಬಾಗಿಲು ಹಾಕೋ ಮುಂಚೆ ಮೇಜುಗಳ ಮೇಲೆ ಉಳಿದಿರೋ ಪುಸ್ತಕಗಳನ್ನ ಒಂದೊಂದಾಗಿ ಇದಕ್ಕೆ ತೋರಿಸಿ. ಇಲ್ಲಿ ಎಷ್ಟು ಜನ ಓದ್ತಾರೆ ಅಂತ ಅದರಿಂದ ಗೊತ್ತಾಗತ್ತೆ.”

ಅವಳು ಗಲ್ಲ ಮೇಲೆತ್ತಿ ಹೇಳಿದಳು, “ನನ್ನ ಕೋಣೇಲಿ ಮೇಜಿನ ಮೇಲೆ ಏನೂ ಉಳಿಯಲ್ಲ ಸಾರ್.”

ಅವಳ ಮನಸ್ಸಿನಲ್ಲಿದ್ದದ್ದು ಹೆಮ್ಮೆ. ತನ್ನ ಓದುಗರು ಎಷ್ಟು ಶಿಸ್ತಿನವರು ಎಂಬ ಹೆಮ್ಮೆ!

ಅವನು ಖಾಲಿ ಕುರ್ಚಿಗಳನ್ನು ನೋಡಿದ, ಬೋಳು ಮೇಜುಗಳನ್ನು ನೋಡಿದ, ಅವಳನ್ನು ನೋಡಿದ. *ಪಾಪ... ಒಬ್ಬರೂ ಬರದ ಕೋಣೆಯಲ್ಲಿ ದಿನವಿಡೀ ಒಬ್ಬಳೇ ಕೂತಿರುತ್ತಾಳೆ. ಹೇಳಿಕೊಳ್ಳಲು ನಾಚಿಕೆ ಪಡುತ್ತಿದ್ದಾಳೆ.*

ಇನ್ನೊಂದು ಪ್ರಶ್ನೆ ಕೇಳಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು. ಕೇಳಲಿಲ್ಲ. ಕನಿಕರ ಬಂದವರು ಪ್ರಶ್ನೆ ಕೇಳುವುದಿಲ್ಲ, ಅದೇ ದೊಡ್ಡ ತೊಂದರೆ.

ಅಂದಿನಿಂದ ಅವನು ತಪ್ಪದೆ ಬರತೊಡಗಿದ, ಯಾವಾಗಲೂ ಬಾಗಿಲು ಹಾಕುವ ಹೊತ್ತಿಗೇ. ಅವಳ ಓದುಗರು ಕತ್ತಲಾಗುವ ಮುಂಚೆ ಮನೆ ಸೇರುವ ವಯಸ್ಸಿನವರು, ಇಲ್ಲವೇ ಸಂಜೆ ಪಾಳಿಗೆ ಓಡುವವರು. ಬರುವುದೂ ಹೋಗುವುದೂ ಹಿಂಬದಿಯ ಮೆಟ್ಟಿಲಿನಿಂದ. ಅವನು ಬರುವಾಗ ಅಲ್ಲಿ ಅವಳೊಬ್ಬಳೇ. ಅವನಿಗೂ ಬೇಕಿದ್ದದ್ದು ಅದೇ ಅಲ್ಲವೇ?

ಕಿಟಕಿ ಮುಚ್ಚಲು ನೆರವಾಗುತ್ತಿದ್ದ. ಬಸ್ ಸ್ಟಾಪಿನವರೆಗೆ ಜೊತೆಗೆ ನಡೆಯುತ್ತಿದ್ದ. ಅವಳು ಹೇಳಿದ ಮಾತಿಗೆಲ್ಲ ನಗುತ್ತಿದ್ದ, ಹೇಳದ ಮಾತಿಗೂ!

“ಯಾರಮ್ಮ ಅದು, ಬಸ್ ಹತ್ತಿಸೋಕೆ ಬರೋದು?” ಎಂದು ಅತ್ತಿಗೆ ಅಡುಗೆಮನೆಯಿಂದಲೇ ಕೆಣಕಿದಳು. ಅಣ್ಣನ ಮನೆಯಲ್ಲಿ ಯಾವ ಸುದ್ದಿಗೂ ಮೊದಲು ಕಾಲು ಬರುವುದು ಅತ್ತಿಗೆಯ ಬಾಯಲ್ಲೇ.

“ಆಫೀಸಿನವರು ಅತ್ತಿಗೆ...”

“ಆಫೀಸಿನವರ ಹೆಸರು ಹೇಳಿದ್ರೆ ಕಿವಿ ಕೆಂಪಗಾಗತ್ತಾ?”

ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಅವನು ತಾನಾಗಿಯೇ ಹೇಳಿಕೊಂಡ. ಮದುವೆಯಾಗಿತ್ತು, ಮುರಿದುಹೋಯಿತು.

“ಹೋಗೋವಾಗ ಅವಳು ಹೇಳಿದ್ದು ಒಂದೇ ಮಾತು. ನಿನ್ನ ಜೊತೆ ಇರೋದೂ ಒಂದೇ, ಮೆಷಿನ್ ಜೊತೆ ಇರೋದೂ ಒಂದೇ ಅಂತ. ಇದನ್ನ ಯಾರಿಗೂ ಹೇಳಿಲ್ಲ. ನಿಮಗೆ ಯಾಕೆ ಹೇಳಿದೆ ಅಂತ ಗೊತ್ತಿಲ್ಲ...”

ಬಸ್ ಬಂದರೂ ಅವಳು ಹತ್ತಲಿಲ್ಲ. ಅವನ ಪಕ್ಕದಲ್ಲೇ ನಿಂತಳು.

ಸ್ಕ್ಯಾನರ್ ಕೆಲಸವನ್ನು ಅವಳು ಅವನು ಹೇಳಿದ ಹಾಗೇ ಮಾಡಿದಳು. ದಿನಾ ಸಂಜೆ ಅದನ್ನು ಹಿಡಿದು ಮೇಜುಗಳ ಸುತ್ತ ಒಂದು ಸುತ್ತು. ಮೇಜಿನ ಮೇಲೆ ಏನಾದರೂ ಉಳಿದಿದ್ದರೆ ತಾನೇ? ಸ್ಕ್ಯಾನರ್ ಮತ್ತೆ ಡ್ರಾಯರಿಗೆ. ಕೆಳಗೆ ನೆಲಮಾಳಿಗೆಯ ಕಂಪ್ಯೂಟರಿನಲ್ಲಿ ದಿನಾ ಒಂದು ಸೊನ್ನೆ ಕೂರುತ್ತಿತ್ತು.

ಆಮೇಲೆ ಆ ಸಭೆ ಬಂತು.

ಮುಖ್ಯ ಗ್ರಂಥಪಾಲಕರ ಕೋಣೆಯಲ್ಲಿ ಸಿಬ್ಬಂದಿಯೆಲ್ಲ ಸೇರಿದ್ದರು. ಮಂಡಿ ನೋವಿನ ನೆಪ ಹೇಳಿ ವರ್ಷಗಳಿಂದ ಮೇಲಂತಸ್ತು ಹತ್ತದ ಆ ಮನುಷ್ಯ ಕನ್ನಡಕ ಏರಿಸಿಕೊಂಡು ಆದೇಶ ಓದಿದರು. ವಾಚನಾಲಯದ ಬಳಕೆ ಸೊನ್ನೆ. ಆದ್ದರಿಂದ ಮುಚ್ಚತಕ್ಕದ್ದು. ಪುಸ್ತಕಗಳನ್ನು ವಿಲೇವಾರಿ ಮಾಡತಕ್ಕದ್ದು.

ಅವಳಿಗೆ ಮೊದಲು ನಗು ಬಂತು. “ಸೊನ್ನೆನಾ? ಸಾರ್, ದಿನಾ ಕೂರೋಕೆ ಜಾಗ ಇರಲ್ಲ ಅಲ್ಲಿ!”

“ವರದಿ ಕೊಟ್ಟವರು ಇಲ್ಲೇ ಇದ್ದಾರಲ್ಲ. ಕೇಳಿ.”

ಅವಳು ತಿರುಗಿದಳು. ಅವನು ಎದ್ದು ನಿಂತಿದ್ದ. *ಹೇಳಿ... ನಾನಲ್ಲ ಅಂತ ಹೇಳಿ...*

“ನಾನು ದಿನಾ ಬಂದಿದ್ದೀನಲ್ಲ,” ಎಂದ ಅವನು ಮೆಲ್ಲಗೆ. “ಒಬ್ಬರನ್ನೂ ಕಂಡಿಲ್ಲ. ಖಾಲಿ ಕೋಣೆ ಕಾಯೋದನ್ನ ಕೆಲಸ ಅನ್ನಲ್ಲ, ನಿಮಗೂ ಗೊತ್ತು ಅದು. ನಿಮ್ಮನ್ನ ಡಿಜಿಟಲ್ ವಿಭಾಗಕ್ಕೆ ಹಾಕಿ ಅಂತ ನಾನೇ ಬರೆದಿದ್ದೀನಿ. ಕೆಳಗೆ... ನನ್ನ ಪಕ್ಕದ ಕುರ್ಚಿ. ಆ ಗೋದಾಮಿನಿಂದ ನಿಮ್ಮನ್ನ ಬಿಡಿಸೋಣ ಅಂತ...”

ಗೋದಾಮು!

ಯಾರೋ ಕಿಸಕ್ಕನೆ ನಕ್ಕರು. ಅವಳ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಪಕ್ಕದಲ್ಲಿ ನಡೆದದ್ದು ಇದಕ್ಕಾ? ಕಿಟಕಿ ಮುಚ್ಚಿದ್ದು ಶಾಶ್ವತವಾಗಿ ಮುಚ್ಚಿಸೋಕಾ?

ಸಿಟ್ಟು ಬಂದಾಗ ಮನುಷ್ಯರು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ. ಅವಳ ಕೈಗೆ ಸಿಕ್ಕಿದ್ದು ಅವನೇ ನಂಬಿ ಕೊಟ್ಟ ಮಾತು.

“ನಿಮ್ಮ ಹೆಂಡತಿ ಬಿಟ್ಟು ಹೋಗಿದ್ದು ಸರಿಯಾಗೇ ಇದೆ. ಮೆಷಿನ್ ಜೊತೆ ಯಾವ ಹೆಂಗಸು ಬಾಳ್ತಾಳೆ?”

ಅವನ ಮುಖದಲ್ಲಿ ಒಂದು ಹನಿ ರಕ್ತ ಉಳಿಯಲಿಲ್ಲ. ನಿಂತಿದ್ದವನು ಹಾಗೇ ಕೂತುಬಿಟ್ಟ. ಅವಳಿಗೆ ಆ ಕ್ಷಣ ಸಮಾಧಾನವಾಯಿತು. ಹೌದು, ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಬೇಕು?

ಆ ವಾರವೇ ಆಳುಗಳು ಬಂದರು. ಪುಸ್ತಕಗಳನ್ನು ತೋಳ್ತುಂಬ ಬಾಚಿ ಚೀಲಗಳಿಗೆ ತುರುಕಿದರು. ಹಲಗೆ ತುಂಡುಗಳು ನೆಲದ ಮೇಲೆ ಚೆಲ್ಲಾಪಿಲ್ಲಿ. ಅವಳು ಗೋಡೆಗೆ ಒರಗಿ ನೋಡುತ್ತ ನಿಂತಿದ್ದಳು. ಯಾರೂ ಅವಳನ್ನು ಪಕ್ಕಕ್ಕೆ ಸರಿಯಿರಿ ಎಂದು ಕೂಡ ಹೇಳಲಿಲ್ಲ.

ಬಾಗಿಲಿಗೆ ಬೀಗ ಬಿದ್ದ ಮೇಲೂ ಓದುಗರು ಬಂದರು. ಬಂದು ಎಲ್ಲಿಗೆ ಹೋಗುತ್ತಾರೆ? ಹಿಂಬದಿಯ ಮೆಟ್ಟಿಲುಗಳ ಮೇಲೆ ಸಾಲಾಗಿ ಕೂತರು. ಅವರಲ್ಲಿ ಹಿರಿಯವನು ದರ್ಜಿ ತಾತ. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟ ಮೇಲೆ, ದಪ್ಪಕ್ಷರದ ಸಮುದ್ರಯಾನದ ಪುಸ್ತಕವೊಂದನ್ನು ಭೂತಗನ್ನಡಿ ಹಿಡಿದು ದಿನಕ್ಕೊಂದು ಪುಟದಂತೆ ಓದುತ್ತಿದ್ದವನು.

ನಡುಮಧ್ಯಾಹ್ನ ಅವಳು ಅವರಿಗೆ ನೀರು ತಂದಳು. ತಾತ ಲೋಟ ಮುಟ್ಟಲಿಲ್ಲ.

“ಕೆಳಗಿನವರು ಹೇಳಿದ್ರಮ್ಮ. ಮೇಜಿನ ಮೇಲೆ ಬಿಟ್ಟ ಪುಸ್ತಕ ಎಣಿಸಿ, ಓದೋರಿದ್ದಾರೋ ಇಲ್ಲವೋ ಅಂತ ನೋಡಿದ್ರಂತೆ?”

“ಹೌದು ತಾತ...”

“ಎತ್ತಿಡಿ, ಎತ್ತಿಡಿ ಅಂತ ನಮ್ಮ ಪ್ರಾಣ ತಿಂದವಳು ಯಾರು?”

ಅವಳು ಲೋಟವನ್ನು ಮೆಟ್ಟಿಲ ಮೇಲಿಟ್ಟಳು.

“ಈ ಸೊಂಟ ಹಿಡ್ಕೊಂಡು ಎದ್ದು ಎದ್ದು ಜಾಗಕ್ಕೆ ಇಟ್ಟೆ. ನೀನು ಬೈತೀಯ ಅಂತ ಇಟ್ಟೆ. ಈಗ ನಾನು ಬಂದೇ ಇಲ್ಲ ಅಂತ ಬರ್ಕೊಂಡಿದ್ದಾರೆ. ಅರ್ಧ ಪುಸ್ತಕ ಬಾಕಿ ಇತ್ತಲ್ಲೇ ಮಗಾ... ನಮ್ಮನ್ನ ಅಳಿಸಿಹಾಕಿದವಳು ನೀನೇ.”

ಅವಳ ಅಷ್ಟು ವರ್ಷದ ಶಿಸ್ತು, ಅಷ್ಟು ಹೆಮ್ಮೆ... ಸೊನ್ನೆಯನ್ನು ದಿನಾ ತನ್ನ ಕೈಯಾರೆ ಬರೆದವಳು ತಾನೇ! ಮತ್ತೆ ತಾನು ಬಲಿ ಕೊಟ್ಟಿದ್ದು ಯಾರನ್ನು?

ತಲೆಯೆತ್ತಿದಳು. ಮೆಟ್ಟಿಲ ಬುಡದಲ್ಲಿ ಅವನು ನಿಂತಿದ್ದ.

ಮೆಟ್ಟಿಲು ತೆರವು ಮಾಡಿಸಲು ಅವನನ್ನು ಕಳಿಸಿದ್ದರು. ಹಗಲಿನಲ್ಲಿ ಆ ಕಡೆಗೆ ಅವನು ಬಂದದ್ದು ಅದೇ ಮೊದಲು. ಕೂತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ತಾತನ ಮಾತು ಪೂರ್ತಿ ಕಿವಿಗೆ ಬಿದ್ದಿತ್ತೆಂದು ಅವನ ಮುಖವೇ ಹೇಳುತ್ತಿತ್ತು. ತೆರವಿನ ಮಾತೆತ್ತದೆ ತಿರುಗಿ ಹೊರಟುಹೋದ.

*ಹೋಗಿ... ನೀವೂ ಹೋಗಿ!* ಎಂದು ಅವಳ ಮನಸ್ಸು ಕಿರುಚಿತು. ವಾಪಸ್ ಕರೆಯುವ ಮುಖ ಅವಳಿಗೆಲ್ಲಿತ್ತು?

ಮರುದಿನದಿಂದ ಅವನು ಕೆಲಸಕ್ಕೆ ಬರಲಿಲ್ಲ. ನೆಲಮಾಳಿಗೆಯ ಕುರ್ಚಿಗೆ ಬೇರೆ ಯಾರೋ ಬಂದು ಕೂತರು. ಡಿಜಿಟಲ್ ವಿಭಾಗದಲ್ಲಿ ಅವಳು ಬಂದವರಿಗೆಲ್ಲ ಪಾಸ್‌ವರ್ಡ್ ಹಾಕಿಕೊಡುತ್ತ, ಬಾಗಿಲು ತೆರೆದಾಗಲೆಲ್ಲ ತಲೆಯೆತ್ತುತ್ತ ದಿನ ದೂಡಿದಳು. ಮನೆಯಲ್ಲಿ ಅತ್ತಿಗೆ ಕೆಣಕುವುದನ್ನೂ ಬಿಟ್ಟಳು. ಅದು ಇನ್ನೂ ಕಷ್ಟವಾಗಿತ್ತು.

ಕೊನೆಗೊಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಬೀಗ ತೆಗೆಸಿಕೊಂಡು ಮೇಲೆ ಹೋದಳು. ಬರೀ ಗೋಡೆಗಳು. ಕಪಾಟುಗಳಿದ್ದ ಜಾಗದಲ್ಲಿ ಸುಣ್ಣ ಬಿಳುಪಾಗಿ ಉಳಿದಿತ್ತು. ನೆಲದ ಮೇಲೆ ಕೂತು ಮೊಣಕಾಲಿಗೆ ಮುಖ ಒತ್ತಿಕೊಂಡಳು.

ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು.

ಅವನೇ! ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು.

“ಕೇಂದ್ರ ಕಚೇರಿಗೆ ಹೋಗಿದ್ದೆ,” ಎಂದ. “ನನ್ನ ಲೆಕ್ಕ ತಪ್ಪು, ಎಣಿಸೋ ರೀತಿಯೇ ತಪ್ಪು ಅಂತ ಹೇಳಿದೆ. ಒಪ್ಪಿಕೊಂಡ್ರು. ನನ್ನ ತಪ್ಪನ್ನ ಮಾತ್ರ. ಕೆಲಸದಿಂದ ತೆಗೆದ್ರು. ಆದೇಶ ಹಾಗೇ ಇದೆ.”

“ಪುಸ್ತಕ?”

ಅವನು ತಲೆ ತಗ್ಗಿಸಿದ.

“ಹೇಳಿ. ಪುಸ್ತಕ ಎಲ್ಲಿ?”

“ರದ್ದಿ ಅರೆಯೋ ಕಾರ್ಖಾನೆಗೆ ಹೋಗಿದ್ದೆ. ಅಂಗಳದಲ್ಲಿ ಬರೀ ನಿಮ್ಮ ಚೀಲಗಳಿದ್ವು... ಖಾಲಿ ಚೀಲಗಳು.”

ಅವಳು ಅತ್ತಳು. ದನಿಯೆತ್ತಿ, ನಾಚಿಕೆ ಬಿಟ್ಟು ಅತ್ತಳು. ಅವನು ಒಳಗೆ ಬಂದು ಸ್ವಲ್ಪ ದೂರದಲ್ಲೇ ನೆಲದ ಮೇಲೆ ಕೂತ. ಮುಟ್ಟಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ಆವತ್ತು ಎಲ್ಲರೆದುರು ನಾನಂದ ಮಾತು...” ಎಂದಳು ಅವಳು.

“ಹೆಂಡತಿ ಅಂದಾಗ ಇಷ್ಟು ನೋವಾಗಿರಲಿಲ್ಲ.”

“ನಾನಂದಾಗ ಯಾಕೆ?”

“ನಿಮ್ಮನ್ನ ಪ್ರೀತಿಸಿದ್ದೆ. ಅದಕ್ಕೇ ದಿನಾ ನೀವೊಬ್ಬರೇ ಇರೋ ಹೊತ್ತಿಗೆ ಬರ್ತಿದ್ದೆ. ಬೇರೆ ಯಾರೂ ಇಲ್ಲ ಅಂತ ಒಳಗೊಳಗೇ ಖುಷಿಪಡ್ತಿದ್ದೆ. ಆಮೇಲೆ ಅದನ್ನೇ ತಗೊಂಡು ಹೋಗಿ ವರದಿ ಮಾಡಿದೆ... ಒಂದ್ಸಲ ಹಗಲಲ್ಲಿ ಮೇಲೆ ಹತ್ತಿದ್ದಿದ್ರೆ!”

“ನಾನೂ ಒಂದು ಮಾತು ಬಿಡಿಸಿ ಹೇಳಿದ್ದಿದ್ರೆ!” ಎಂದಳು ಅವಳು. ಕಣ್ಣೊರೆಸಿಕೊಂಡು ಅವನನ್ನು ನೇರ ನೋಡಿದಳು. “ಪ್ರೀತಿ ನನಗೂ ಇತ್ತು. ಈಗಲೂ ಇದೆ, ಹಾಳಾದ್ದು. ಆದ್ರೆ ನಿಮ್ಮನ್ನ ನೋಡಿದ್ರೆ ಮೈ ಉರಿಯತ್ತೆ. ನನ್ನನ್ನ ನೋಡ್ಕೊಂಡ್ರೆ ಇನ್ನೂ ಜಾಸ್ತಿ ಉರಿಯತ್ತೆ.”

“ಉರೀಲಿ. ನಾನು ಹೋಗಲ್ಲ.”

ಕೆಳಗೆ ಮೆಟ್ಟಿಲ ಮೇಲೆ ಯಾರೋ ಕೆಮ್ಮಿದ ಸದ್ದು. ಆ ಕೆಮ್ಮು ಯಾರದೆಂದು ಅವಳಿಗೆ ಗೊತ್ತಿತ್ತು.

“ಪುಸ್ತಕ ವಾಪಸ್ ಬರತ್ತೆ ಅಂತ ತಾತ ಇನ್ನೂ ಕಾಯ್ತಿದ್ದಾರೆ,” ಎಂದಳು. “ಬರಲ್ಲ ಅಂತ ನೀವೇ ಹೇಳಬೇಕು. ಈಗಲೇ.”

“ಹೇಳ್ತೀನಿ.”

“ಸುಮ್ಮನೆ ಬಿಡಲ್ಲ ಅವರು. ನಿಮ್ಮ ವಂಶಾನೆಲ್ಲ ಜಾಲಾಡ್ತಾರೆ.”

“ಜಾಲಾಡ್ಲಿ.”

ಅವಳು ಎದ್ದು ನಿಂತು ಅವನ ಮುಂದೆ ಕೈ ಚಾಚಿದಳು. ಅವನು ಆ ಕೈಯನ್ನೇ ನೋಡುತ್ತ ಕೂತ, ಹಿಡಿಯಲು ಧೈರ್ಯ ಸಾಲದೆ.

“ನಾನು ಪಕ್ಕದಲ್ಲೇ ನಿಂತಿರ್ತೀನಿ. ಆದ್ರೆ ನಿಮ್ಮ ಪರವಾಗಿ ಒಂದು ಮಾತೂ ಆಡಲ್ಲ.”

ಅವನು ಅವಳ ಕೈ ಹಿಡಿದ.

“ಬೇಡ. ನಿಂತಿದ್ರೆ ಸಾಕು.”